ದೋನ್ ಸಬಿನೊ ಅವರ ಕರಾರು

ನಮ್ಮೂರು ಹುವಾಂಕಾಯೊದಲ್ಲಿ ಹಳೇ ಸ್ಯಾಕ್ಸೋಫೋನಿನ ಬಿಡಿಭಾಗ ಬೇಕೆಂದರೆ ದೋನ್ ಸಬಿನೊ ಅವರ ಮನೆಯ ಮುಂಗೋಣೆಯೇ ಗತಿ. ದೇವದೂತರ ತುತ್ತೂರಿ ಕೆಟ್ಟರೂ ಅಲ್ಲಿಗೇ ಬರಬೇಕು. ಮಾಡೆಲ್ ಹೇಳಹೋದರೆ ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ. "ಊದಪ್ಪ, ಎಲ್ಲಿ ನೋವು ಅಂತ ಅದೇ ಹೇಳತ್ತೆ," ಎನ್ನುತ್ತಾರೆ. ನಾವು ಊದುತ್ತಿದ್ದಂತೆ ಕಣ್ಣು ಮುಚ್ಚಿ, ಜಗಿಯುತ್ತಿದ್ದ ಕೋಕಾ ಎಲೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, ಬಿಡಿಭಾಗಗಳ ಡಬ್ಬಕ್ಕೆ ಕೈಹಾಕಿ ಬೇಕಾದದ್ದನ್ನೇ ಹೆಕ್ಕುತ್ತಾರೆ. ಅವೆಲ್ಲ ತೀರಿಹೋದವರ, ಊದುವುದನ್ನು ಬಿಟ್ಟವರ ಸ್ಯಾಕ್ಸೋಫೋನುಗಳಿಂದ ಬಿಚ್ಚಿದವು. ಅದಕ್ಕೇ ಬೆಲೆಯ ಜೊತೆಗೊಂದು ಕರಾರು: ಸಾಂತ್ಯಾಗೊ ಹಬ್ಬದ ದಿನ, ಆ ಭಾಗ ಯಾರ ಸ್ಯಾಕ್ಸೋಫೋನಿನದೋ ಅವರ ಮನೆಯ ಬಾಗಿಲಲ್ಲಿ ನಿಂತು ಒಂದು ಹಾಡು ನುಡಿಸಬೇಕು. "ಮನೆಯವ್ರಿಗೆ ಕೇಳೋ ಹಾಗೆ ನುಡಿಸು, ಬೀದಿ ನಾಯಿಗಳಿಗಲ್ಲ," ಎಂದು ಗದರುತ್ತಾರೆ. ನಾಳೆ ಹಬ್ಬವೆನ್ನುವಾಗ ನನ್ನಜ್ಜನ ಸ್ಯಾಕ್ಸೋಫೋನಿನ ಕಿರುಬೆರಳಲ್ಲಿ ಒತ್ತುವ ಕೀ ಮುರಿಯಿತು. ಓಡಿದೆ. ಡಬ್ಬವನ್ನೆಲ್ಲ ಜಾಲಾಡಿದರೂ ಅಂಥದ್ದು ಸಿಗಲಿಲ್ಲ. ದೋನ್ ಸಬಿನೊ ಎದ್ದು ಒಳಕೋಣೆಗೆ ಹೋದರು; ಸ್ಕ್ರೂ ಬಿಚ್ಚುವ ಸದ್ದು ಕೇಳಿಸಿತು. ಬಂದವರೇ ಮಿರಮಿರ ಮಿಂಚುವ ಕೀ ಒಂದನ್ನು ನನ್ನ ಅಂಗೈಯಲ್ಲಿಟ್ಟರು. ನಾನು ಕುಣಿಯುವುದೊಂದು ಬಾಕಿ. "ಯಾರ ಮನೆ ಬಾಗಿಲಿಗೆ ಹೋಗ್ಲಿ, ದೋನ್ ಸಬಿನೊ?" ಎಂದೆ. ಅವರು ಡಬ್ಬದ ಮುಚ್ಚಳ ಹಾಕುತ್ತ, "ಎಲ್ಲೂ ಹೋಗ್ಬೇಡ. ನಾಳೆ ಇಲ್ಲೇ ಬಾ," ಎಂದರು.