ತಾರಸಿ ಬಡಿತ ನಿಂತಾಗ

ಮುನಿಲಕ್ಷ್ಮಮ್ಮ ತಿಮ್ಮರಾಯಪ್ಪನನ್ನು ಮೊದಲು ಕಂಡದ್ದು ಐವತ್ತೇಳನೇ ಇಸವಿಯಲ್ಲಿ, ಜಯನಗರದಲ್ಲಿ ಕಟ್ಟುತ್ತಿದ್ದ ಒಂದು ಮನೆಯ ತಾರಸಿಯ ಮೇಲೆ. ಗಂಡ ಸತ್ತು ಒಂಬತ್ತು ತಿಂಗಳಾಗಿತ್ತು. ಅವಳಿಗೆ ಅದು ಕೂಲಿಯ ಮೊದಲ ದಿನ. ಹನ್ನೆರಡು ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಇಟ್ಟಿಗೆಚೂರು ಬೆರೆತ ಸುಣ್ಣದ ಗಾರೆಗೆ ಬೆಲ್ಲದ ನೀರು ಚಿಮುಕಿಸುತ್ತ, ಚಪ್ಪಟೆ ಕೋಲಿನಿಂದ ಎಲ್ಲರೂ ಒಂದೇ ಸಮ ಬಡಿಯಬೇಕು. ಯಡಿಯೂರಿನ ಗಾರೆ ಕೆಲಸದವನಾದ ತಿಮ್ಮರಾಯಪ್ಪ ಅಂಚಿನ ಒಂಬತ್ತಂಗುಲದ ಗೋಡೆಯ ಮೇಲೆ ನಿಂತು ಇಟ್ಟಿಗೆ ಇಡುತ್ತಿದ್ದ.

ಕೋಲು ಬಡಿಯುವಷ್ಟು ಹೊತ್ತೂ ಅವನು ನೆಟ್ಟ ಕಂಬ. ಹೆಂಗಸರು ಎಲೆಅಡಿಕೆಗೆಂದು ಕೋಲು ಕೆಳಗಿಟ್ಟರೋ, ಅವನ ಮೈ ಮೆಲ್ಲಗೆ ಓಲಾಡತೊಡಗುತ್ತಿತ್ತು.

"ನೋಡ್ರೇ, ಬೆಳಗ್ಗೆನೇ ಏರಿಸ್ಕೊಂಡ್ ಬಂದವ್ನೆ," ಎಂದಳು ಪಕ್ಕದ ಬಸವಲಿಂಗಮ್ಮ. "ಗೋಡೆ ನೆಟ್ಟಗೈತೆ, ಕಟ್ಟೋನೇ ಸೊಟ್ಟ!"

ಎಲ್ಲರೂ ನಕ್ಕರು. ಮುನಿಲಕ್ಷ್ಮಮ್ಮ ನಗಲಿಲ್ಲ. ಕುಡಿತ ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡ ಹೋದದ್ದೇ ಅದರಿಂದ. ಗಾರೆ ತುಂಬಿದ ಬಾಂಡ್ಲಿ ಎತ್ತಿ ಕೊಡುವಾಗ ತಿಮ್ಮರಾಯಪ್ಪನ ಹತ್ತಿರ ಹೆಂಡದ ವಾಸನೆಯೇ ಇರಲಿಲ್ಲ. ಮೂರು ದಿನ ನೋಡಿ, ನಾಲ್ಕನೆಯ ದಿನ ಯಾಕೆ ಹೀಗೆ ವಾಲುತ್ತೀಯೆಂದು ಅವನನ್ನು ಕೇಳಿಯೇಬಿಟ್ಟಳು.

"ಬಂಡೆ ಸಿಡಿಸೋ ಕೆಲ್ಸದಲ್ಲಿದ್ದೆ ಕಣಮ್ಮ. ಬೆಂಕಿ ಹತ್ತದೆ ಸತ್ತೋಗೈತೆ ಅಂದ್ಕೊಂಡಿದ್ದ ಮದ್ದು ಹತ್ರ ಹೋದಾಗ ಸಿಡೀತು. ಬಲಗಿವಿ ಹೋಯ್ತು. ಎಡಗಿವೀಗೆ ಸದ್ದು ಒಂದೇ ಕಡೆಯಿಂದ ಬರ್ತಿದ್ರೆ ಹಗ್ಗ ಹಿಡ್ಕೊಂಡಂಗೆ ನಿಂತ್ಕೋತೀನಿ. ನಿಂತೋದ್ರೆ, ನೆಲ ಯಾವ ಕಡೆ ಅಂತ ಕಾಲಿಗೇ ತಿಳಿಯಲ್ಲ. ಮೇಸ್ತ್ರಿಗೆ ಹೇಳ್ಬೇಡ, ಕೆಲ್ಸ ಹೋಯ್ತದೆ."

ಅಂದಿನಿಂದ ಅವಳ ಎದೆಗೆ ನೆಮ್ಮದಿ ಇಲ್ಲ. ಬಾಯಿ ಒಣಗಿದರೂ ಎಲೆಅಡಿಕೆಗೆ ಏಳಳು. ಒಬ್ಬಳೇ ಟಪ್ ಟಪ್ ಎನ್ನಿಸುತ್ತ ಕೂತಿರುವಳು.

ಏಳನೆಯ ದಿನ ಯಡಿಯೂರಿನ ಕಡೆಯಿಂದ ಹೆಣವೊಂದು ಬಂತು, ಮುಂದೆ ತಮಟೆ. ಹೆಣ ದಾಟುವ ತನಕ ಕೈ ಆಡಿಸಬಾರದೆಂದು ವಾಡಿಕೆ. ಹನ್ನೆರಡು ಕೋಲೂ ನಿಂತವು, ಹೆಂಗಸರು ಎದ್ದು ನಿಂತರು. ತಮಟೆ ಕೆಳಗಿನ ರಸ್ತೆಯಲ್ಲಿ ಪಡುವಲಿಂದ ಮೂಡಲಿಗೆ ಸರಿಯಿತು. ಗೋಡೆಯ ಮೇಲೆ ತಿಮ್ಮರಾಯಪ್ಪನ ಮೈಯೂ ಅದರ ಜೊತೆಗೇ ಸರಿಯಿತು: ಮೊದಲು ಭುಜ, ಆಮೇಲೆ ಸೊಂಟ, ಕೊನೆಗೆ ಒಂದು ಹಿಮ್ಮಡಿ ಇಟ್ಟಿಗೆಯಿಂದ ಎದ್ದಿತು.

ಮುನಿಲಕ್ಷ್ಮಮ್ಮ ಥಟ್ಟನೆ ಕೂತು ಕೋಲೆತ್ತಿ ಬಡಿದಳು.

"ಏ ಮುಂಡೇ! ಹೆಣ ಹೋಗ್ತೈತೆ, ಬಿಡೇ ಕೋಲು! ನಿನ್ ಮನೇ ಹೆಣ ಸಾಲ್ದಾ?" ಬಸವಲಿಂಗಮ್ಮ ಚೀರಿದಳು.

ಅವಳು ಬಿಡಲಿಲ್ಲ. ಅವನು ಎಡಗಿವಿಯನ್ನು ಇತ್ತ ತಿರುಗಿಸಿದ. ಹಿಮ್ಮಡಿ ಇಳಿಯಿತು. ಮೊಣಕಾಲು ಮಡಿಸಿ ಗೋಡೆಯ ಮೇಲೇ ಕೂತ. ಬೆವರು ಮೂಗಿನ ತುದಿಯಿಂದ ಹಸಿ ಗಾರೆಯ ಮೇಲೆ ಬಿತ್ತು.

ಸಂಜೆ ತಾನೇ ಮೇಸ್ತ್ರಿಯ ಹತ್ತಿರ ಹೋಗಿ ಗೋಡೆ ಕೆಲಸ ಬಿಟ್ಟ. ಗಾರೆ ಅರೆಯುವ ಗಾಣದಲ್ಲಿ, ಅರ್ಧ ಕೂಲಿಗೆ, ಎತ್ತು ಹೊಡೆದುಕೊಂಡು ಏಳು ವರ್ಷ ಕಳೆದ. ಕಲ್ಲಿನ ಗಾಲಿ ಗುರುಗುಟ್ಟುವಷ್ಟು ಹೊತ್ತೂ ನೆಟ್ಟಗಿದ್ದ. ಊರಿನವರ ಬಾಯಲ್ಲಿ ಮಾತ್ರ ಕುಡುಕನಾಗಿಯೇ ಉಳಿದ.

ಅರವತ್ತನಾಲ್ಕನೇ ಇಸವಿಯಲ್ಲಿ ಅವನ ತಾಯಿಯಿಲ್ಲದ ಮಗಳು ಮಂಗಮ್ಮನಿಗೆ ಬೇಗೂರಿನ ಗಂಡು ಗೊತ್ತಾಯಿತು. ಮದುವೆಯ ಹಿಂದಿನ ದಿನ ತಿಮ್ಮರಾಯಪ್ಪ ಮುನಿಲಕ್ಷ್ಮಮ್ಮನ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತ.

"ಧಾರೆಗೆ ಮುಂಚೆ ಓಲಗ ನಿಲ್ಲಿಸಿ ಮಂತ್ರ ಹೇಳ್ತಾರೆ. ಅಯ್ನೋರ ದನಿ ನನಗೆ ಎಟುಕಲ್ಲ. ವಾಲಿದ್ರೆ, ಕುಡ್ದು ಬಂದವ್ನೆ ಅಂತ ಬೀಗ್ರು ಮಣೆಯಿಂದ ಹುಡುಗನ್ನ ಎಬ್ಬಿಸ್ತಾರೆ."

"ಅದಕ್ಕೆ ನಾನೇನ್ ಮಾಡ್ಲಿ ತಿಮ್ಮರಾಯಣ್ಣ? ನಾನು ಕುಂಕುಮ ಅಳಿಸ್ಕೊಂಡೋಳು. ಚಪ್ಪರದೊಳಕ್ಕೇ ಕಾಲಿಡಂಗಿಲ್ಲ."

ಅದು ಅವನಿಗೂ ಗೊತ್ತಿತ್ತು. ಆದರೂ ಚೌಕಟ್ಟು ಬಿಡದೆ ಕೇಳಿದ:

"ಚಪ್ಪರದೊಳಕ್ಕೇ ಬಂದು, ನನ್ನ ಎಡಗಡೆ ನಿಂತು, ಏನಾದ್ರೂ ಸರಿ, ಮಾತಾಡ್ತಾನೇ ಇರ್ತೀಯಾ?"