ಉಪ್ಪಿನ ಬಂಡೆಯ ಸುತ್ತ ನಿಂತ ಕುರಿಗಳು

ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು ನಾನು. ಡಾಕ್ಟರಲ್ಲ, ಡಾಕ್ಟರರ ಸಹಾಯಕ. ಎಮ್ಮೆಗೆ ದೆವ್ವ ಕಂಡಿದೆ, ಹೋರಿಗೆ ಯಾರದೋ ಕಣ್ಣು ತಾಗಿದೆ ಎಂದು ಜನ ಕರೆಯಲು ಬಂದಾಗಲೆಲ್ಲ ನಾನು ಮೊದಲು ಥರ್ಮಾಮೀಟರ್ ತೆಗೆಯುತ್ತಿದ್ದೆ. ಬಹಳ ಸಲ ಜ್ವರ ಇರುತ್ತಿತ್ತು. ಇಲ್ಲದಿದ್ದರೆ ಹೊಟ್ಟೆ ಉಬ್ಬರ, ಇಲ್ಲವೇ ಕಿವಿಯಲ್ಲಿ ಉಣ್ಣೆಹುಳ. ಪ್ರಾಣಿಗಳಿಗೆ ನಮಗೆ ಕಾಣದ್ದು ಕಾಣುತ್ತದೆ ಎಂಬ ಮಾತನ್ನು ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಹೊಳಗುಂದದ ಹತ್ತಿರದ ಒಂದು ಹೊಲದಲ್ಲಿ ಕಂಡದ್ದನ್ನು ಕಂಡಿಲ್ಲ ಎಂದೂ ಹೇಳಲಾರೆ. ಕಂಡದ್ದನ್ನಷ್ಟೇ ಬರೆಯುತ್ತೇನೆ. ಓದುವವರಿಗೆ ಏನಾದರೂ ಹೊಳೆದರೆ ನನಗಿಂತ ಅವರು ಜಾಣರು.

ನನ್ನ ಹೆಂಡತಿ ನೀಲಮ್ಮನ ತಂದೆ ಬೀರಪ್ಪ ಕುರಿ ಕಾಯ್ದು ಮುದುಕರಾದವರು. ಎಂಬತ್ತು ದಾಟಿತ್ತೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಕುರಿಹಟ್ಟಿಯಲ್ಲೇ ಲಕ್ವ ಹೊಡೆದು ಬಲಗಡೆಯ ಮೈ ಬಿದ್ದುಹೋಯಿತು. ಆದೋನಿಯ ನಮ್ಮ ಮನೆಗೆ ಕರೆತಂದೆವು. ಮೊದಲ ಎರಡು ತಿಂಗಳು ಬಾಯಿ ಸೊಟ್ಟಗಿದ್ದರೂ ಮಾತು ಬರುತ್ತಿತ್ತು. ಆ ದಿನಗಳಲ್ಲೇ ಅವರು ತಮ್ಮ ಆಸೆ ಹೇಳಿದ್ದು.

"ಅಳಿಯಂದ್ರೆ, ನನ್ನ ಮಂಚದ ಮ್ಯಾಲ ಸಾಯಾಕ ಬಿಡಬ್ಯಾಡ್ರಿ. ಕುರಿ ನಡುವ ಹಾಕ್ರಿ. ಅಷ್ಟ ಸಾಕು ನನಗ."

ನಾನು ನಕ್ಕೆ. "ಮಾವ, ಬ್ಯಾನಿ ಬಂದ ಕುರಿ ಹಿಂಡು ಬಿಟ್ಟು ಆಚಿ ನಿಲ್ತೈತಿ. ನೀವು ನೋಡಿದ್ರ ನಡುವ ಹೋಗ್ತೀನಿ ಅಂತೀರಿ."

"ಬ್ಯಾನಿದು ಆಚಿ ನಿಲ್ತೈತಿ. ಮುಪ್ಪಿಂದು ಹಂಗಲ್ಲ, ನಡುವ ಸೇರ್ಕಂತೈತಿ. ಮೂವತ್ತು ವರ್ಷ ಸೂಜಿ ಚುಚ್ಚೀರಿ, ಇಷ್ಟು ನೋಡಿಲ್ಲೇನು?" ಎಂದರು. ಹೆಂಡತಿ ಅಡುಗೆಮನೆಯಿಂದ ನಕ್ಕದ್ದು ಕೇಳಿಸಿತು.

ಎರಡನೆಯ ಸಲ ಲಕ್ವ ಹೊಡೆದಾಗ ಮಾತೂ ಹೋಯಿತು. ಅಲ್ಲಿಂದ ಒಂದು ವರ್ಷ ನಾವು ಅವರನ್ನು ಚೆನ್ನಾಗಿಯೇ ನೋಡಿಕೊಂಡೆವು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೆವು. ನವಣೆ ಗಂಜಿಯನ್ನು ಸೋಸಿ ಚಮಚದಲ್ಲಿ ಕುಡಿಸುತ್ತಿದ್ದೆವು. ಬೆನ್ನಿಗೆ ಹುಣ್ಣಾಗಲು ಬಿಡಲಿಲ್ಲ. ನೋಡಲು ಬಂದವರು "ಇಂಥ ಅಳಿಯ ಯಾರಿಗೆ ಸಿಗ್ತಾನ" ಎಂದು ಹೋಗುತ್ತಿದ್ದರು. ಮಾವನವರ ಮುಖ ಮಾತ್ರ ದಿನವಿಡೀ ತಿರುಗುವ ಫ್ಯಾನಿನ ಕಡೆಗೇ ಇರುತ್ತಿತ್ತು.

ನೀಲಮ್ಮ ಆಗಾಗ ಕೇಳುತ್ತಿದ್ದಳು: "ಒಂದ್ ಸಲ ಹಟ್ಟಿಗೆ ಕರ್ಕೊಂಡ್ ಹೋಗೂಣು ಅಲ್ರಿ?" ನಾನು ಬೇಡ ಎನ್ನುತ್ತಿದ್ದೆ. ಧೂಳು, ಉಣ್ಣೆಹುಳ, ಹಿಕ್ಕೆ. ನಂಜಾದರೆ ಎಂಟು ದಿನವೂ ಉಳಿಯುವುದಿಲ್ಲ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಸರಿಯೋ ಎಂಬುದು ಬೇರೆ ಪ್ರಶ್ನೆ.

ಕುರಿಗಳು ಆಗ ಅವರ ಮಗ ಲಿಂಗಣ್ಣನ ವಶದಲ್ಲಿದ್ದವು. ಬೇಸಿಗೆಯಲ್ಲಿ ಹೊಲದ ಬೆಳೆ ತೆಗೆದ ಮೇಲೆ ರೈತರು ಗೊಬ್ಬರಕ್ಕಾಗಿ ಕುರಿಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಆ ಸಲ ಲಿಂಗಣ್ಣ ಹಿಂಡನ್ನು ಹೊಡೆದುಕೊಂಡು ಹೋಗಿದ್ದ ಹೊಲ ಮಾವನವರೂ ವರ್ಷವರ್ಷ ಹೋಗುತ್ತಿದ್ದ ಜಾಗ. ಬದುವಿನ ಮೇಲೆ ಒಂದು ಬೇವಿನ ಮರ, ಅದರ ಬುಡದಲ್ಲಿ ಚಪ್ಪಟೆ ಬಂಡೆ. ಮಾವ ಆ ಬಂಡೆಯ ಮೇಲೆ ಉಪ್ಪು ಚೆಲ್ಲಿ ಕುರಿಗಳನ್ನು ಕರೆಯುತ್ತಿದ್ದರು. ಕುರಿ ಕಾಯುವ ಒಬ್ಬೊಬ್ಬರದೂ ಒಂದೊಂದು ಕೂಗು. ಒಬ್ಬರ ಕೂಗಿಗೆ ಇನ್ನೊಬ್ಬರ ಕುರಿ ತಲೆಯೆತ್ತುವುದಿಲ್ಲ. ಲಿಂಗಣ್ಣ ಬಂಡೆಯ ಮೇಲೆ ಉಪ್ಪು ಹಾಕುವುದನ್ನು ಬಿಟ್ಟು ಮರದ ತೊಟ್ಟಿಯಲ್ಲಿ ಹಾಕುತ್ತಿದ್ದ. ಅವನ ಕೂಗೇ ಬೇರೆ.

ಆ ಭಾನುವಾರ ನಾನು ಕರುಳುಬೇನೆಯ ಲಸಿಕೆ ಹಾಕಲು ಹೋಗಿದ್ದೆ. ಬೆಳಗಿನ ತಂಪಿನಲ್ಲಿ ಶುರು ಮಾಡಿದ್ದು ಹನ್ನೊಂದೂವರೆಗೆ ಮುಗಿಯಿತು. ಹಾಕಿದ ಕುರಿಯ ಬೆನ್ನಿಗೆ ಕೆಂಪು ಬಣ್ಣ ಬಳಿಯುತ್ತ ಎಣಿಸುತ್ತಿದ್ದೆ. ಲಿಂಗಣ್ಣನಿಗೆ ಅದು ಸೇರಲಿಲ್ಲ.

"ಬಾಯಿಬಿಟ್ಟು ಎಣಿಸಬ್ಯಾಡ್ರಿ ಭಾವ, ದಿಷ್ಟಿ ತಾಗ್ತೈತಿ. ಬೇಕಿದ್ರ ನಿಮ್ಮ ಸೀಸೆ ಎಣಿಸ್ಕೊಳ್ರಿ."

ಸೀಸೆಯ ಲೆಕ್ಕದಲ್ಲಿ ನೂರಾ ಹನ್ನೆರಡು ಕುರಿ.

ಊಟ ಮಾಡಿ ಒಂದು ಜಾಲಿಮರದ ನೆರಳಿಗೆ ಕುಳಿತೆವು. ಹೊಲದ ನಡುವೆ ಕುರಿಗಳು ಬಿಸಿಲಿಗೆ ಗುಂಪುಗೂಡಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತಿದ್ದವು. ಕಂಡವರಿಗೆ ಗೊತ್ತು, ಆ ಹೊತ್ತಿನಲ್ಲಿ ಕೋಲು ಹಿಡಿದರೂ ಕುರಿ ಕದಲುವುದಿಲ್ಲ. ಗಾಳಿ ಇರಲಿಲ್ಲ. ಬೇವಿನ ಮರ ಅಲ್ಲಿಂದ ಇನ್ನೂರು ಹೆಜ್ಜೆ.

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕುರಿಗಳು ತಲೆಯೆತ್ತಿದವು. ಗಡಿಯಾರ ನೋಡಿಕೊಂಡದ್ದರಿಂದ ಹೇಳುತ್ತಿದ್ದೇನೆ. ಬೆದರಿದ ಕುರಿ ಹೇಗೆ ತಲೆಯೆತ್ತುತ್ತದೆ ಎಂಬುದು ನನಗೆ ಗೊತ್ತು. ಇದು ಬೆದರಿಕೆಯಲ್ಲ. ಒಂದು ಹಳೆಯ ಕುರಿ ಗುಂಪು ಬಿಟ್ಟು ಬೇವಿನ ಮರದ ಕಡೆ ನಡೆಯಿತು. ಅದರ ಹಿಂದೆ ಇನ್ನೊಂದು, ಆಮೇಲೆ ಸಾಲು. ಅವಸರವಿಲ್ಲದೆ ಹೋಗಿ ಬಂಡೆಯ ಸುತ್ತ ನಿಂತವು. ಒಂದು ಬದಿಯಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು ನಿಂತವು. ಬಂಡೆ ನೆಕ್ಕತೊಡಗಿದವು. ನಡುನಡುವೆ ಆ ಖಾಲಿ ಜಾಗದ ಕಡೆ ಮುಖ ಎತ್ತುತ್ತಿದ್ದವು, ಕೈಯಿಂದ ಇನ್ನೂ ಬೀಳಲಿದೆ ಎಂಬಂತೆ.

ನನಗೆ ಯಾವ ಕೂಗೂ ಕೇಳಿಸಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು.

"ನೀನೇನಾದ್ರೂ ಉಪ್ಪು ಹಾಕಿದ್ದೇನೋ ಅಲ್ಲಿ?" ಎಂದು ಲಿಂಗಣ್ಣನನ್ನು ಕೇಳಿದೆ.

"ಲೇದು ಭಾವ, ಲೇದು. ನಾ ಹಾಕಿಲ್ಲ." ಗಾಬರಿಯಾದರೆ ಅವನ ಬಾಯಲ್ಲಿ ತೆಲುಗು ಬರುತ್ತದೆ. ಅವನು ಆಗಲೇ ಚಪ್ಪಲಿ ಬಿಟ್ಟು ನಿಂತಿದ್ದ. "ಅಪ್ಪ ಕರದಾನ."

ನಾನು ಎದ್ದು ಹೋದೆ. ಬಂಡೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಹಚ್ಚಿಕೊಂಡೆ. ಉಪ್ಪಿರಲಿಲ್ಲ, ಮಣ್ಣು ಮತ್ತು ಕುರಿಯ ಜೊಲ್ಲು. ಮೂರು ದಿನದಿಂದ ಅದೇ ಹೊಲದಲ್ಲಿದ್ದರೂ ಒಂದು ಕುರಿಯೂ ಬಂಡೆಯ ಹತ್ತಿರ ಹೋಗಿರಲಿಲ್ಲ ಎಂದು ಲಿಂಗಣ್ಣ ಹೇಳಿದ. ಆಗ ನನ್ನ ಗಮನಕ್ಕೆ ಬಂದದ್ದು ಇನ್ನೊಂದು. ಎಲ್ಲ ಕುರಿಗಳೂ ಬಂದಿರಲಿಲ್ಲ. ಒಂದಷ್ಟು ಹೊಲದ ನಡುವೆಯೇ ನಿಂತು ಅರಚುತ್ತಿದ್ದವು. ಒಂದು ಕುರಿ ಹೋದರೆ ಹಿಂಡೇ ಹಿಂದೆ ಹೋಗುತ್ತದೆ, ಮರಿ ತಾಯಿಯನ್ನು ಬಿಡುವುದಿಲ್ಲ. ಅವು ಹೋಗಿರಲಿಲ್ಲ.

ನಾನು ಒಂದೊಂದನ್ನೇ ಹಿಡಿದು ಹಲ್ಲು ನೋಡಿದೆ. ಕುರಿಯ ವಯಸ್ಸು ಹಲ್ಲಿನಲ್ಲಿ ತಿಳಿಯುತ್ತದೆ. ಮೂವತ್ತೆಂಟು ಕುರಿಗಳು. ಮೂವತ್ತಾರಕ್ಕೆ ಹಾಲುಹಲ್ಲು, ಅಂದರೆ ಮಾವ ಹಟ್ಟಿ ಬಿಟ್ಟ ಮೇಲೆ ಹುಟ್ಟಿದವು. ಎರಡು ಮಾತ್ರ ದೊಡ್ಡವು. ಆ ಎರಡನ್ನು ತೋರಿಸಿ ಲಿಂಗಣ್ಣನನ್ನು ಕೇಳಿದೆ.

"ಅವಾ? ಎಮ್ಮಿಗನೂರು ಸಂತ್ಯಾಗ ಹೋದ ತಿಂಗಳು ತಂದಿದ್ದು" ಎಂದ.

ಮಾವನ ಕೂಗು ಕೇಳಿರದ ಕುರಿಗಳಷ್ಟೇ ಹಿಂದೆ ಉಳಿದಿದ್ದವು. ನೀಲಮ್ಮನಿಗೆ ಫೋನು ಮಾಡಿದೆ. ಯಾವ ಸುದ್ದಿ ಕೇಳಬೇಕಾಗುತ್ತದೋ ಎಂದು ಸಿದ್ಧನಾಗಿಯೇ ಮಾಡಿದ್ದು. ಅವಳು ಆರಾಮಾಗಿ ಮಾತಾಡಿದಳು. ಅಪ್ಪ ಮಲಗಿದ್ದಾನೆ, ಉಸಿರು ಚೆನ್ನಾಗಿದೆ, ಅವನ ಪಕ್ಕದಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದೇನೆ ಎಂದಳು. ಆಮೇಲೆ ತಾನಾಗಿಯೇ ಹೇಳಿದಳು: "ಆಗ್ಲಿಂದ ಬೆರಳು ಹಿಂಗ್ ಹಿಂಗ್ ತಿಕ್ಕಾಕತ್ಯಾನ್ರಿ, ಏನೋ ಉದುರಿಸ್ದಂಗ. ನೀರ್ ಬೇಕೇನೋ ಅಂತ ಬಾಯಿಗಿಟ್ರ ತುಟಿ ಬಿಚ್ಚಲಿಲ್ಲ."

"ಯಾವ ಕೈ?"

"ಬಲಗೈ."

"ಬಲಗೈ ಬಿದ್ದುಹೋಗೇತಲ್ಲ, ಸರಿಯಾಗಿ ನೋಡಿ ಹೇಳು."

ಅವಳು ಶೇಂಗಾದ ಮೊರ ಕೆಳಗಿಟ್ಟ ಸದ್ದಾಯಿತು. "ಈಗ ನಿಲ್ಲಿಸ್ಯಾನ್ರಿ" ಎಂದಳು. ಆಮೇಲೆ ಎಷ್ಟು ಸಲ ಕೇಳಿದರೂ ಅವಳಿಗೆ ಖಚಿತವಾಗಿ ಹೇಳಲು ಆಗಲಿಲ್ಲ. ತಾನು ಮಂಚದ ಯಾವ ಮಗ್ಗುಲಲ್ಲಿ ಕುಳಿತಿದ್ದೆ ಎಂಬುದೇ ನೆನಪಿಗೆ ಬರುತ್ತಿಲ್ಲ ಎಂದಳು. ನಾನು ಒತ್ತಿ ಒತ್ತಿ ಕೇಳಿ ಅವಳ ನೆನಪನ್ನು ಕೆಡಿಸಿದೆನೋ ಏನೋ.

ಫೋನು ಇಟ್ಟು ತಿರುಗಿ ನೋಡಿದಾಗ ಕುರಿಗಳು ಚದುರಿದ್ದವು.

ಲಿಂಗಣ್ಣ ನನ್ನನ್ನು ಬಿಡಲಿಲ್ಲ. "ಇನ್ನೂ ಏನ್ ನೋಡ್ತೀರಿ ಭಾವ? ಆ ಫ್ಯಾನಿನ ಕೆಳಗ ಹಾಕ್ಕೊಂಡು ಏನ್ ಮಾಡ್ತೀರಿ ಅವನ್ನ? ನಾಳೆ ತರ್ರಿ. ತರ್ಲಿಲ್ಲಂದ್ರ ನಾ ಬಂದು ಹೊತ್ಕೊಂಡು ಬರ್ತೀನಿ."

ತರುತ್ತೇನೆ ಎಂದೆ. ನಂಜು, ಧೂಳು ಎಂದು ಒಂದು ವರ್ಷ ಹೇಳಿದ ಮಾತುಗಳು ಆಗ ಬಾಯಿಗೆ ಬರಲಿಲ್ಲ.

ಮರುದಿನ ಬೆಳಗ್ಗೆ ಹೊರಡುವ ಮುಂಚೆ ಮಾವನವರಿಗೆ ನಾನೇ ಸ್ನಾನ ಮಾಡಿಸಿದೆ. ಧೂಳಿಗೆ ಹೋಗುತ್ತಾರಲ್ಲ ಎಂದು ಔಷಧಿ ಸೋಪು ಹಚ್ಚಿದೆ, ಬೆನ್ನಿಗೆ ನಂಜು ತಗಲದಂತೆ ಎಣ್ಣೆ ಸವರಿದೆ, ಪೌಡರು ಹಾಕಿದೆ, ಹೊಸ ಪಂಚೆ ಉಡಿಸಿದೆ. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಒಪ್ಪಬಹುದಿತ್ತು. ಕುರಿ ಮನುಷ್ಯನನ್ನು ಕಣ್ಣಿಗಿಂತ ಹೆಚ್ಚಾಗಿ ಮೂಗಿನಿಂದ ಗುರುತಿಸುತ್ತದೆ ಎಂದು ಊರೂರಿಗೆ ಹೇಳಿಕೊಂಡು ಬಂದವನು ನಾನೇ.

ಪಕ್ಕದ ಮನೆಯವರ ಸಾಮಾನು ಸಾಗಿಸುವ ಗಾಡಿಯಲ್ಲಿ ಹಾಸಿಗೆ ಹಾಕಿ ನಿಧಾನವಾಗಿ ಹೊರಟೆವು. ದಾರಿಯುದ್ದಕ್ಕೂ ನೀಲಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವರ ಕಣ್ಣು ತೆರೆದಿತ್ತು. ಹತ್ತಿ ಕಟ್ಟಿಗೆ ಕಿತ್ತ ಹೊಲಗಳು ಹಿಂದೆ ಸರಿಯುವುದನ್ನು ನೋಡುತ್ತಿದ್ದರು.

ಬೇವಿನ ಮರದ ಕೆಳಗೆ, ಬಂಡೆಗೆ ಒತ್ತಿ ಕಂಬಳಿ ಹಾಸಿ ಮಲಗಿಸಿದೆವು. ಲಿಂಗಣ್ಣ ಹಿಂಡನ್ನು ಹೊಡೆದು ತಂದ. ನಿನ್ನೆ ಮೊದಲು ಹೊರಟಿದ್ದ ಆ ಹಳೆಯ ಕುರಿಯೇ ಮುಂದೆ ಬಂತು. ಮೂಸಿತು. ಮೂಗಿನಿಂದ ಬುಸ್ಸೆಂದು ಉಸಿರು ಬಿಟ್ಟು ಮುಂಗಾಲನ್ನು ನೆಲಕ್ಕೆ ಬಡಿಯಿತು. ಅಪರಿಚಿತರನ್ನು ಕಂಡರೆ ಕುರಿ ಹಾಗೆ ಮಾಡುತ್ತದೆ. ಆಮೇಲೆ ಹಿಂಡಿಗೆ ಹಿಂಡೇ ತಿರುಗಿಕೊಂಡಿತು.

"ಏನ್ ಬಳದೀರಿ ಮೈಗೆ?" ಲಿಂಗಣ್ಣ ಕೂಗಾಡಿದ. "ದವಾಖಾನಿ ವಾಸನಿ ಹೊಡೀತೈತಿ! ಅಪ್ಪನ ತರ್ರಿ ಅಂದ್ರ ಡಾಕ್ಟರ್ ಸಾಹೇಬನ್ನ ತಂದೀರಲ್ಲ!"

ಅವನು ರಾತ್ರಿ ಕುರಿ ತಂಗಿದ್ದ ಜಾಗದ ಮಣ್ಣನ್ನು ಬೊಗಸೆಯಲ್ಲಿ ತಂದು ಅಪ್ಪನ ಕೈಗೆ, ಎದೆಗೆ, ಹಣೆಗೆ ತಿಕ್ಕಿದ. ಹಿಕ್ಕೆ ಬೆರೆತ ಮಣ್ಣು. ನಾನು ತಡೆಯಲಿಲ್ಲ. ಮತ್ತೆ ಹಿಂಡು ಹೊಡೆದು ತಂದ. ಬರಲಿಲ್ಲ. ಮೂರನೆಯ ಸಲವೂ ಬರಲಿಲ್ಲ. ಕೊನೆಗೆ ಅವನು ಸುಸ್ತಾಗಿ ಕುಳಿತ.

"ಬಿಡ್ರಿ" ಎಂದ. "ನಿನ್ನೆನ ಬಂದು ಉಪ್ಪು ಹಾಕಿ ಹೋಗ್ಯಾನ. ಅವಕ್ಕ ಗೊತ್ತೈತಿ. ಇವತ್ತು ನೀವು ತಂದಿದ್ದು ಬರೇ ಮೈ."

"ಬಾಯಿ ಮುಚ್ಚೋ!" ನೀಲಮ್ಮ ಚೀರಿದಳು. "ಉಸಿರಾಡಾಕತ್ಯಾನ ಅಪ್ಪ. ಕಣ್ ಬಿಟ್ಕೊಂಡು ನೋಡಾಕತ್ಯಾನ. ಮಗನಾಗಿ ಹಿಂಗಂತೀಯಲ್ಲೋ!"

ಅವರು ನೋಡುತ್ತಿದ್ದದ್ದು ನಿಜ. ಬೇವಿನ ಎಲೆಗಳನ್ನು ನೋಡುತ್ತಿದ್ದರೋ, ದೂರ ಹೋಗುತ್ತಿದ್ದ ಕುರಿಗಳ ಬೆನ್ನನ್ನೋ ನನಗೆ ತಿಳಿಯಲಿಲ್ಲ. ಮುಖದಲ್ಲಿ ದುಃಖವಿರಲಿಲ್ಲ. ಸಂತೋಷವಿತ್ತು ಎಂದು ಹೇಳುವ ಧೈರ್ಯವೂ ನನಗಿಲ್ಲ. ಮೂರೂವರೆಗೆ ಉಸಿರು ನಿಧಾನವಾಯಿತು. ನಾನು ನಾಡಿ ಹಿಡಿದೇ ಕುಳಿತಿದ್ದೆ. ನರಳಾಟವಿಲ್ಲ, ಎಳೆದಾಟವಿಲ್ಲ. ನಾಲ್ಕೂ ಹತ್ತಕ್ಕೆ ನಾಡಿ ಬೆರಳಿಗೆ ಸಿಗಲಿಲ್ಲ. ಕುರಿಗಳು ಹೊಲದ ಆ ತುದಿಯಲ್ಲಿ ನಮ್ಮ ಕಡೆ ಬೆನ್ನು ಮಾಡಿ ಮೇಯುತ್ತಿದ್ದವು.

ಪುಣ್ಯವಂತ, ಬೇಡಿದ ಸಾವು ಪಡೆದ ಎಂದು ಬಂದವರೆಲ್ಲ ಹೇಳಿದರು. ನನ್ನ ಹಳೆಯ ಡಾಕ್ಟರರಿಗೆ ಎಲ್ಲವನ್ನೂ ವಿವರಿಸಿದೆ. ಮಣ್ಣಿನಲ್ಲಿ ಇಳಿದಿದ್ದ ಹಳೆಯ ಉಪ್ಪು ಬಿಸಿಲಿಗೆ ವಾಸನೆ ಬಿಟ್ಟಿರಬಹುದು, ಆ ಜಾಗದ ರೂಢಿ ಇದ್ದ ಕುರಿಗಳು ಹೋಗಿರುತ್ತವೆ ಎಂದರು. ಇರಬಹುದು. ಹಿಂದಿನ ಮೂರು ದಿನವೂ ಅದೇ ಬಿಸಿಲಿತ್ತು ಎಂದೆ. ಅವರು ಮಾತು ಬದಲಿಸಿದರು.

ಒಂದು ವರ್ಷ ಮೊದಲೇ ಕರೆದೊಯ್ದಿದ್ದರೆ ಕುರಿಗಳು ಅವರನ್ನು ಗುರುತಿಸುತ್ತಿದ್ದವೇನೋ. ಇಲ್ಲವೇ, ಲಿಂಗಣ್ಣ ಹೇಳಿದಂತೆ ಅವರು ಹಿಂದಿನ ದಿನವೇ ತಾವಾಗಿ ಬಂದು, ತಮಗೆ ಬೇಕಾದ್ದನ್ನು ಮುಗಿಸಿ ಹೋಗಿದ್ದರೆ ನಾನು ತಡಮಾಡಿದ್ದಕ್ಕೆ ಅರ್ಥವೇ ಇಲ್ಲ. ಹಾಗೆ ನಂಬಿದರೆ ನನ್ನ ಮನಸ್ಸಿಗೂ ಹಗುರ. ಎಷ್ಟೋ ಸಲ ನಂಬಲು ನೋಡಿದ್ದೇನೆ. ಅಷ್ಟರಲ್ಲಿ ಒಂದು ನೆನಪಾಗುತ್ತದೆ. ಮೂರು ಗಂಟೆಯ ಹೊತ್ತಿಗೆ, ಕುರಿಗಳೆಲ್ಲ ಹೋದ ಮೇಲೆ, ನಾನು ಅವರ ತುಟಿಗೆ ಒಂದು ಚಮಚ ನೀರು ಹಿಡಿದಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತ ಅದನ್ನು ನುಂಗಿದರು. ಗಂಟಲು ಮೇಲೆ ಹೋಗಿ ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಹಿಂದಿನ ದಿನವೇ ಹೋಗಿದ್ದರೆ, ಆ ನೀರನ್ನು ನಾನು ಕುಡಿಸಿದ್ದು ಯಾರಿಗೆ?