ಗುಂಡಿ ಶಾಲೆ

ಗುಂಡಿಯಮ್ಮ ಸ್ವಾರ್ಥಿ ಹೆಂಗಸು. ಮರಳಿನಿಂದಲೂ ಎಣ್ಣೆ ಹಿಂಡುವವಳು. ಲಾಭವಿಲ್ಲದೆ ಹೆತ್ತ ಮಕ್ಕಳ ಜೊತೆ ಆಟ ಕೂಡ ಆಡಿದವಳಲ್ಲ. ಈ ತೀರ್ಪು ಕೊಟ್ಟಾಗ ಅವಳ ಹಿರಿಯ ಮಗಳಿಗೆ ಹನ್ನೊಂದು ವರ್ಷ. ಆ ವಯಸ್ಸಿನವರ ತೀರ್ಪಿಗೆ ಮೇಲ್ಮನವಿ ಇರುವುದಿಲ್ಲ.

ಬೀದಿಯವರು ಇಟ್ಟ ಹೆಸರು ಗುಂಡಿಯಮ್ಮ. ಬಟ್ಟೆ ಕಾರ್ಖಾನೆಯ ವ್ಯಾನು ಹೊಲಿದ ಅಂಗಿಗಳನ್ನು ಅವಳ ಮನೆಬಾಗಿಲಿಗೆ ತಂದು ಹಾಕುತ್ತಿತ್ತು. ಅವಳು ಅವಕ್ಕೆ ಗುಂಡಿ ಹಚ್ಚಿ, ಹೊಲಿಗೆಯ ತುದಿಗಳಲ್ಲಿ ಉಳಿದ ನೂಲು ಕತ್ತರಿಸಿ, ಮಡಿಸಿ ಕೊಡಬೇಕು. ಜೊತೆಗೆ, ಕಾರ್ಖಾನೆಯ ನೆಲ ಗುಡಿಸಿದಾಗ ಸಿಕ್ಕ ಬಣ್ಣಬಣ್ಣದ ಗುಂಡಿಗಳು ಒಂದು ಚೀಲದಲ್ಲಿ ಬರುತ್ತಿದ್ದವು. ಅವನ್ನು ಬೇರೆಬೇರೆ ಮಾಡುವುದೂ ಅವಳದೇ ಕೆಲಸ.

ಮನೆಯೆಂದರೆ ಒಂದು ಕೋಣೆ, ನಡುವೆ ಒಂದು ಪರದೆ. ಪರದೆಯ ಆಚೆ ಗಂಡ ಹಗಲೆಲ್ಲ ಮಲಗಿರುತ್ತಿದ್ದ. ಅವನದು ಗೋದಾಮಿನ ರಾತ್ರಿ ಕಾವಲು. ಆದ್ದರಿಂದ ಈಚೆ ಓಡುವಂತಿಲ್ಲ, ಚೆಂಡು ಬಡಿಯುವಂತಿಲ್ಲ, ಕೂಗುವಂತಿಲ್ಲ. ಮಕ್ಕಳನ್ನು ನಗಿಸಲು ದುಡ್ಡು ಬೇಕಿಲ್ಲ ಎಂದು ಉಪದೇಶ ಮಾಡುವವರು ಬಹಳ. ಆದರೆ ಸದ್ದೂ ಇರಕೂಡದು ಎಂದರೆ ಅವರಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ. ಗುಂಡಿಯಮ್ಮ ಎದ್ದು ಹೋಗುವಂತಿರಲಿಲ್ಲ.

ಅವಳು ಆಟ ಕಟ್ಟಿದಳು. ಅಂಗಿಗಳೆಲ್ಲ ಗಿರಾಕಿಗಳು, ಮಗಳು ಕ್ಷೌರದವಳು. ನೂಲಿನ ತುದಿಗಳೆಲ್ಲ ಮೀಸೆ, ಗಡ್ಡ. 'ಈ ಸಾಹೇಬರಿಗೆ ಸಂಜೆ ಮದುವೆ ಊಟ ಇದೆಯಂತೆ, ಕಂಕುಳ ಹತ್ರ ಒಂದು ಕೂದಲು ಬಿಟ್ರೂ ಮಾನ ಹೋಗತ್ತೆ' ಎಂದು ಪಿಸುಗುಟ್ಟುತ್ತ ಅಂಗಿಯನ್ನು ಮಗಳ ಮುಂದೆ ಕೂರಿಸುತ್ತಿದ್ದಳು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಕತ್ತರಿ ಆಡಿಸುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಆಟ ಗುಂಡಿ ಶಾಲೆ. ತಟ್ಟೆಯ ತುಂಬ ಗುಂಡಿಗಳು, ಸುತ್ತ ಬಟ್ಟಲುಗಳು. ಒಂದೊಂದು ಬಟ್ಟಲೂ ಒಂದೊಂದು ತರಗತಿ. ಎರಡು ತೂತಿನವರು ಸಣ್ಣ ಮಕ್ಕಳು. ನಾಲ್ಕು ತೂತಿನವರು ಕನ್ನಡಕ ಹಾಕಿದ ಬುದ್ಧಿವಂತರು. ಅಂಚು ಒಡೆದವರು ನಪಾಸು. ಮಗಳು ಹೆಡ್‌ಮಿಸ್. ಯಾರನ್ನೂ ತಪ್ಪು ತರಗತಿಯಲ್ಲಿ ಕೂರಿಸದೆ ತಟ್ಟೆ ಬರಿದು ಮಾಡಿದರೆ, ಅಮ್ಮ ತನ್ನ ಬೆರಳಿನ ಹಿತ್ತಾಳೆ ಟೋಪಿ ಕಳಚಿ ಅವಳ ಬೆರಳಿಗೆ ತೊಡಿಸುತ್ತಿದ್ದಳು. ಸೂಜಿ ಚುಚ್ಚದಿರಲೆಂದು ಹಾಕುವ ಟೋಪಿ ಅದು, ಮಗಳಿಗೆ ಕಿರೀಟ. 'ನಿಂದು ಹದ್ದಿನ ಕಣ್ಣು ಕಣೇ' ಎನ್ನುತ್ತಿದ್ದಳು ಅಮ್ಮ. ಶಾಲೆಯಲ್ಲಿ ಹಿಂದಿನ ಬೆಂಚಿನವಳಾಗಿದ್ದ ಹುಡುಗಿಗೆ ಆ ಒಂದು ಮಾತೇ ಆಸ್ತಿ. ತನಗೂ ಒಂದು ವಿಷಯದಲ್ಲಿ ಯಾರಿಗೂ ಇಲ್ಲದ ಕೈಚಳಕ ಇದೆ ಎಂದು ಅವಳು ನಂಬಿದ್ದಳು.

ನಂಬಿದವಳು ಸುಮ್ಮನಿರಬೇಕಿತ್ತು. ತರಗತಿಯಲ್ಲಿ ಕೊಚ್ಚಿಕೊಂಡಳು, ಇಂಥ ಆಟ ನಿಮ್ಮ ಯಾರ ಮನೆಯಲ್ಲೂ ಇಲ್ಲ ಎಂದಳು. ಮುಂದಿನ ಬೆಂಚಿನ ದರ್ಜಿಯ ಮಗಳಿಗೆ ಆಸೆಯಾಯಿತು. ಒಂದು ಮಧ್ಯಾಹ್ನ ಅವಳನ್ನು ಮನೆಗೆ ಕರೆತಂದು, ಪರದೆಯ ಈಚೆ ಕೂರಿಸಿ, ಮಗಳು ಹೆಮ್ಮೆಯಿಂದ ಶಾಲೆ ತೆರೆದಳು. ಗುಂಡಿಯಮ್ಮ ನೀರು ಹಿಡಿಯಲು ಹೋಗಿದ್ದಳು.

ದರ್ಜಿಯ ಮಗಳು ತಟ್ಟೆ ನೋಡಿದಳು, ಬಟ್ಟಲು ನೋಡಿದಳು, ಮೂಲೆಯಲ್ಲಿದ್ದ ಅಂಗಿಗಳ ರಾಶಿ ನೋಡಿದಳು.

"ಇದು ಆಟ ಅಲ್ಲ ಕಣೇ," ಎಂದಳು. "ನಮ್ಮಂಗಡೀಲಿ ಇದನ್ನ ಆಳು ಮಾಡ್ತಾಳೆ. ನಮ್ಮಪ್ಪ ಅವಳಿಗೆ ಸಂಬಳ ಕೊಡ್ತಾರೆ. ನಿಂಗೇನು ಕೊಡ್ತಾರೆ?"

ಮಗಳ ಬೆರಳಿನಲ್ಲಿ ಹಿತ್ತಾಳೆ ಟೋಪಿ ಇತ್ತು. ಅವಳು ಕೈಯನ್ನು ಬೆನ್ನ ಹಿಂದೆ ಸರಿಸಿದಳು.

ಮರುದಿನ ತರಗತಿ ಅವಳಿಗೆ 'ಹೆಡ್‌ಮಿಸ್' ಎಂದೇ ಹೆಸರಿಟ್ಟಿತು. ಯಾರದೋ ಅಂಗಿಯ ಗುಂಡಿ ಕಿತ್ತುಬಂದರೆ ಅವಳ ಮೇಜಿನ ಮೇಲೆ ತಂದಿಟ್ಟು, ಅಡ್ಮಿಷನ್ ಕೊಡಿ ಮಿಸ್ ಎನ್ನುತ್ತಿದ್ದರು. ಅದನ್ನು ಅವಳು ಹಲ್ಲು ಕಚ್ಚಿ ತಡೆದುಕೊಂಡಳು. ತಡೆಯಲಾರದೆ ಹೋದದ್ದು ಬೇರೆ. ಬೆನ್ನು ತಟ್ಟಿದ ಪ್ರತಿಯೊಂದು ಸಲವೂ ಅಮ್ಮನ ಕಣ್ಣು ಗಡಿಯಾರದ ಮೇಲೆ, ವ್ಯಾನಿನ ಹೊತ್ತಿನ ಮೇಲೆ ಇತ್ತೇ? ಹದ್ದಿನ ಕಣ್ಣು ಎಂದದ್ದು, ಎತ್ತಿನ ಬೆನ್ನು ಸವರಿ ಗಾಣಕ್ಕೆ ಕಟ್ಟಿದ ಹಾಗೆಯೇ?

ಕೇಳಿಯೇ ಬಿಟ್ಟಳು.

"ಅಮ್ಮ, ಗುಂಡಿ ಶಾಲೆ ಆಟನಾ, ಕೆಲಸನಾ?"

ಗುಂಡಿಯಮ್ಮ ಸೂಜಿಯಿಂದ ಕಣ್ಣೆತ್ತಲಿಲ್ಲ. "ಮೆತ್ತಗೆ ಮಾತಾಡು, ಅಪ್ಪ ಮಲಗಿದಾರೆ. ನಿಂಗೆ ಆಟ, ನಂಗೆ ಕೆಲಸ. ಅದ್ರಲ್ಲಿ ತಪ್ಪೇನು?"

"ನಂಗೆ ಹೇಳ್ಬೇಕಿತ್ತು."

"ಹೇಳಿದ್ರೆ ಆಡ್ತಿದ್ಯಾ?"

ಒಂದು ಸುಳ್ಳಾದರೂ ಹೇಳಬಹುದಿತ್ತು. ಗುಂಡಿಯಮ್ಮ ನೂಲು ಗಂಟು ಹಾಕಿ, ಹಲ್ಲಿನಿಂದ ಕತ್ತರಿಸಿ, ಇನ್ನೊಂದು ಅಂಗಿಗೆ ಕೈ ಹಾಕಿದಳು. ನಂಬಿಸಿ ಕುತ್ತಿಗೆ ಕೊಯ್ಯುವವರು ಕಥೆಗಳಲ್ಲಿ ಕಣ್ಣೀರಾದರೂ ಹಾಕುತ್ತಾರೆ.

ಅಂದಿನಿಂದ ಮಗಳು ತಟ್ಟೆ ಮುಟ್ಟಲಿಲ್ಲ. ಅಮ್ಮ ಏನಾದರೂ ಹೊಗಳಿದರೆ, ಇದರ ಹಿಂದೆ ಯಾವ ಕೆಲಸ ಕಾದಿದೆಯೋ ಎಂದು ಸುತ್ತ ನೋಡುತ್ತಿದ್ದಳು. ಗುಂಡಿಯಮ್ಮ ಕರೆಯಲೂ ಇಲ್ಲ, ಬೈಯಲೂ ಇಲ್ಲ. ಇನ್ನೂ ನಾಲ್ಕು ದಾಟದ ತಂಗಿಯನ್ನು ಹೆಡ್‌ಮಿಸ್ ಮಾಡಿದಳು. ಅಕ್ಕ ಆ ಮಗುವಿನ ಕಿವಿಯಲ್ಲಿ, ಅಮ್ಮ ಮೋಸ ಮಾಡ್ತಾಳೆ, ಅದು ಆಟ ಅಲ್ಲ ಎಂದಳು. ಮಗು ಸ್ವಲ್ಪ ಯೋಚಿಸಿ, ಹಾಗಾದ್ರೆ ಟೋಪಿ ನಂಗೇ ಇರ್ಲಿ ಎಂದಿತು. ಅಕ್ಕನಿಗೆ ಅದೂ ಅಮ್ಮನ ಬುದ್ಧಿಯೇ ಎನಿಸಿತು.

ಆಮೇಲೆ ಕಾರ್ಖಾನೆಗೆ ಗುಂಡಿ ಆರಿಸುವ ಯಂತ್ರ ಬಂತು. ಚೀಲ ಬರುವುದು ನಿಂತಿತು. ಈಗ ಅಂಗಿಗಳ ಜೊತೆ ಬರುತ್ತಿದ್ದವು ಬಾಯಿ ಅಂಟಿಸಿದ ಪ್ಲಾಸ್ಟಿಕ್ ಪೊಟ್ಟಣಗಳು, ಒಳಗೆ ಆಗಲೇ ಆರಿಸಿಟ್ಟ ಗುಂಡಿಗಳು. ಎಲ್ಲವೂ ಒಂದೇ ಬಿಳಿ. ಕೊರಳಿನ ಗುಂಡಿ, ತೋಳಿನ ಗುಂಡಿ, ಎದೆಯ ಗುಂಡಿ ಎಂದು ಅಳತೆಯಲ್ಲಿ ಮಾತ್ರ ಕೂದಲೆಳೆಯಷ್ಟು ವ್ಯತ್ಯಾಸ. ಬೆರೆತರೆ ಮುಗಿಯಿತು, ಬೆಳಕಿಗೆ ಹಿಡಿದು ಒಂದೊಂದನ್ನೇ ಜೋಡಿಸಿ ನೋಡಬೇಕು. ಪೊಟ್ಟಣಗಳನ್ನು ಒಂದರ ಪಕ್ಕ ಒಂದು ತೆರೆಯಲೂ ಗುಂಡಿಯಮ್ಮ ಬಿಡುತ್ತಿರಲಿಲ್ಲ.

ಚಿಕ್ಕವಳಿಗೆ ಜ್ವರ ಬಂದು ಇಳಿದ ವಾರ ಅದು. ಮಗು ಗೋಡೆಗೊರಗಿ ಕೂತಿತ್ತು. ತಿನ್ನುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಶಾಲೆಯಿಂದ ಬಂದ ಹಿರಿಯವಳು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಮೂಲೆಯಲ್ಲಿ ಅಂಗಿಗಳ ರಾಶಿ ಅರ್ಧವೂ ಇಳಿದಿರಲಿಲ್ಲ, ಸಂಜೆಗೆ ವ್ಯಾನು ಬರುವುದಿತ್ತು.

"ಶಾಲೆಗೆ ಯಾಕೆ ರಜಾ?" ಎಂದಿತು ಮಗು.

"ಮಕ್ಕಳೆಲ್ಲ ಅವರವರ ತರಗತೀಲೇ ಕೂತಿದಾರಲ್ಲ ಪುಟ್ಟಿ, ಇನ್ನೇನು ಕೆಲಸ ಹೆಡ್‌ಮಿಸ್‌ಗೆ?" ಎಂದಳು ಗುಂಡಿಯಮ್ಮ.

ಮಗು ಮತ್ತೆ ಗೋಡೆಗೆ ತಲೆ ಆನಿಸಿತು.

ಗುಂಡಿಯಮ್ಮ ಗಡಿಯಾರ ನೋಡಿದಳು. ಸೂಜಿಯನ್ನು ಸೆರಗಿಗೆ ಚುಚ್ಚಿದಳು. ಹಳೆಯ ತಟ್ಟೆಯನ್ನು ಎಳೆದುಕೊಂಡು, ಕೊರಳಿನ ಪೊಟ್ಟಣ ಹರಿದು ಸುರಿದಳು. ಅದರ ಮೇಲೆಯೇ ತೋಳಿನದನ್ನು ಸುರಿದಳು. ಪರದೆಯ ಆಚೆ ಗೊರಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಹೊಸ್ತಿಲಲ್ಲಿದ್ದವಳನ್ನು ಅವಳು ನೋಡಿರಲಿಲ್ಲ. ಎದೆಯ ಗುಂಡಿಗಳ ಪೊಟ್ಟಣ ಬಿಗಿಯಾಗಿತ್ತು. ಅದನ್ನು ಹಲ್ಲಿನಿಂದ ಕಚ್ಚಿ ಹರಿದು, ಮೂರನ್ನೂ ಅಂಗೈಯಿಂದ ಚೆನ್ನಾಗಿ ಕಲಸಿದಳು.